ಗೋಡೆಗೆ ಮುಖ ಮಾಡಿದ ಕುದುರೆ

ಕೊರಿಯರ್ ಆಫೀಸಿನವರು ಅವಳಿಗಿಟ್ಟ ಹೆಸರು ಕುದುರೆಯಕ್ಕ. ಕೌಂಟರಿನ ಮೇಲೆ ಅವಳು ಡಬ್ಬ ಇಟ್ಟರೆ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. "ಇವತ್ತು ಯಾವ ಬಣ್ಣದ್ದು ಅಕ್ಕಾ?" ಎಂದಷ್ಟೇ ಕೇಳುತ್ತಾರೆ.

ಬೆಳಗ್ಗೆ ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಮಧ್ಯಾಹ್ನದ ಮೇಲೆ ಮನೆಯ ಊಟದ ಮೇಜಿನ ಮೇಲೆ ಕುದುರೆ ಬೊಂಬೆಗಳ ವ್ಯಾಪಾರ. ನೀರು ಸರಬರಾಜು ಆಫೀಸಿನಲ್ಲಿ ಗುಮಾಸ್ತನಾಗಿರುವ ಅವಳ ಗಂಡ ಒಮ್ಮೆ "ನಮ್ಮನೆಯವಳು ಕುದುರೆ ವ್ಯಾಪಾರ ಮಾಡ್ತಾಳೆ" ಎಂದು ಬಾಯಿಬಿಟ್ಟು, "ಯಾವ ಪಕ್ಷಕ್ಕೆ?" ಎಂದು ಇಡೀ ಆಫೀಸಿನಿಂದ ಕೇಳಿಸಿಕೊಂಡಿದ್ದ.

ಅವು ಅಂಗೈ ಮೇಲೆ ನಿಲ್ಲುವಂಥ ಕುದುರೆಗಳು. ಕಂಪನಿಯವರು ಒಂದೊಂದು ಬಗೆಯದನ್ನು ಇಷ್ಟೇ ಎಂದು ಮಾಡಿ, ಹೊಟ್ಟೆಯ ಕೆಳಗೆ ನಂಬರು ಒತ್ತಿ, ಅಚ್ಚನ್ನು ಮುರಿದುಹಾಕುತ್ತಾರೆ. ಲಿಮಿಟೆಡ್ ಎಡಿಷನ್ ಎಂದರೆ ಅದು. ಬಂದ ದಿನವೇ ಕೊಂಡವರು ಜಾಣರು. ಆಮೇಲೆ ಬೇಕೆಂದವರು ಅವಳಂಥವರ ಬಾಗಿಲಿಗೆ ಬರಬೇಕು. ಮೇಜು ಅವಳದಾಗಿರುವುದು ಮಾತ್ರ ಎರಡು ಊಟಗಳ ನಡುವಿನ ಹೊತ್ತಿನಲ್ಲಿ. ತಟ್ಟೆಗಳು ಎದ್ದ ಮೇಲೆ ಕುದುರೆಗಳು ಇಳಿಯಬೇಕು, ತಟ್ಟೆಗಳು ಬರುವ ಮೊದಲು ಕುದುರೆಗಳು ಏಳಬೇಕು. ತಟ್ಟೆ ಎತ್ತುವ ಕೈಯೂ ಕುದುರೆ ಎತ್ತುವ ಕೈಯೂ ಒಂದೇ ಆದ್ದರಿಂದ ಇದರಲ್ಲಿ ಯಾರಿಗೂ ತೊಂದರೆ ಕಂಡಿರಲಿಲ್ಲ.

ಮಾರುವವಳಿಗೆ ಆಸೆ ಇರಬಾರದು, ಆದರೆ ಅವಳಿಗಿತ್ತು. ಮಾರಾಟವಾದ ಕುದುರೆಯನ್ನು ಕಟ್ಟಿ ಕಳಿಸುವವರೆಗೆ ನಡುಮನೆಯ ಷೋಕೇಸಿನಲ್ಲಿ ಇಡಬೇಕಾಗಿತ್ತು. ಹೋಗುತ್ತ ಬರುತ್ತ ಅದರ ಕಣ್ಣಿಗೆ ಕಣ್ಣು ಸಿಕ್ಕಿದರೆ ಕೊಟ್ಟ ಮಾತು ತಪ್ಪಿ ಇಟ್ಟುಕೊಂಡುಬಿಡೋಣ ಅನ್ನಿಸುತ್ತಿತ್ತು. ಅದಕ್ಕೇ ಒಂದು ನಿಯಮ ಮಾಡಿಕೊಂಡಿದ್ದಳು: ಮಾರಿದ ಕುದುರೆಯ ಮುಖ ಗೋಡೆಗೆ.

ಎಂದೂ ಗೋಡೆಗೆ ತಿರುಗದ ಕುದುರೆ ಎಂದರೆ ಸೊಟ್ಟಮೂತಿ. ಕಂದು ಬಣ್ಣದ ಹೆಣ್ಣುಕುದುರೆ. ಹಣೆಯಿಂದ ಮೂಗಿಗೆ ನೇರವಾಗಿ ಇಳಿಯಬೇಕಿದ್ದ ಬಿಳಿ ಪಟ್ಟೆ, ಬಣ್ಣ ಬಳಿದವರ ಕೈ ಜಾರಿ, ಎಡ ಹೊಳ್ಳೆಯ ಕಡೆಗೆ ಹೊರಳಿತ್ತು. ನಗು ತಡೆದುಕೊಂಡಂಥ ಮುಖ. ಮೊದಲ ಸಂಬಳದಲ್ಲಿ ಎಲ್ಲರಿಗೂ ಏನೇನೋ ತಂದು, ಕೊನೆಗೆ ತನಗೆಂದು ತಂದುಕೊಂಡದ್ದು. ವ್ಯಾಪಾರವೆಲ್ಲ ಅದರ ಬೆನ್ನ ಹಿಂದೆ ಬಂದದ್ದು.

ಅವಳ ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿ, ಅವಳು ನೋಡಿಕೊಳ್ಳಲು ಹೋಗಿದ್ದಾಗ ಇದು ನಡೆಯಿತು. ಸೊಟ್ಟಮೂತಿಯ ಅಚ್ಚಿನದೇ, ಆದರೆ ಪಟ್ಟೆ ನೇರವಾಗಿದ್ದ ಇನ್ನೊಂದು ಕುದುರೆಯನ್ನು ರಿಟೈರಾದ ಒಬ್ಬ ನರ್ಸಮ್ಮ ಕೊಂಡಿದ್ದರು. ಅದನ್ನು ಕಳಿಸುವ ಕೆಲಸ ಗಂಡನ ಪಾಲಿಗೆ ಬಂತು.

"ಗೋಡೆಗೆ ಮುಖ ಮಾಡಿರೋದು ಒಂದೇ ಒಂದು ರೀ. ಅದನ್ನ ಕಟ್ಟಿ ಕಳಿಸಿ, ಅಷ್ಟೇ" ಎಂದಳು ಫೋನಿನಲ್ಲಿ.

"ಅಷ್ಟೇನಾ? ಆಯ್ತು. ಕತ್ತರಿ ಎಲ್ಲಿ?"

"ಕತ್ತರಿ ಇರೋ ಕಡೆ."

"ಟೇಪು?"

"ರೀ, ಆ ಮನೇಲಿ ಹುಟ್ಟಿ ಬೆಳೆದವರು ನೀವೋ ನಾನೋ?"

ವಾಪಸ್ಸು ಬಂದವಳು ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಷೋಕೇಸು ನೋಡಿದಳು. ನೇರ ಪಟ್ಟೆಯ ಕುದುರೆ ಅವಳನ್ನೇ ದಿಟ್ಟಿಸುತ್ತಿತ್ತು. ಕಿಟಕಿಯ ಪಕ್ಕದ ಸೊಟ್ಟಮೂತಿಯ ಜಾಗ ಖಾಲಿ.

"ರೀ! ಯಾವುದನ್ನ ಕಳಿಸಿದ್ರಿ?"

"ನೀನು ಹೇಳಿದ್ದನ್ನೇ. ಗೋಡೆ ನೋಡ್ತಾ ನಿಂತಿತ್ತಲ್ಲ, ಅದನ್ನ. ಬೇಕಾದ್ರೆ ಅಮ್ಮನ್ನ ಕೇಳು. ಅಲ್ಲೇ ಇದ್ಲು."

ಅತ್ತೆ ಅಡುಗೆಮನೆಯಲ್ಲಿ, ಆಗಲೇ ತೊಳೆದಿಟ್ಟ ಪಾತ್ರೆಯನ್ನು ಮತ್ತೊಮ್ಮೆ ತೊಳೆಯುತ್ತಿದ್ದರು. ಸೊಸೆ ಬಂದು ಬಾಗಿಲಲ್ಲಿ ನಿಂತಾಗ ನಲ್ಲಿ ನಿಲ್ಲಿಸಿದರು.

"ಬೈಯೋದಾದ್ರೆ ಬೈದುಬಿಡಮ್ಮಾ. ಧೂಳು ಒರೆಸ್ತಾ ಇದ್ದೆ. ಅದೊಂದು ಕುದುರೆ ಬಂದವರಿಗೆಲ್ಲ ಹಿಂಭಾಗ ತೋರಿಸ್ಕೊಂಡು ನಿಂತಿತ್ತು. ಚೆನ್ನಾಗಿರುತ್ತಾ? ತಿರುಗಿಸಿ ಇಟ್ಟೆ. ಆಮೇಲೆ ಇವನು ಡಬ್ಬ ಹಿಡ್ಕೊಂಡು ಬಂದು, ಗೋಡೆ ನೋಡೋ ಕುದುರೆ ಎಲ್ಲಿ ಅಂತ ಹುಡುಕೋಕೆ ಶುರು ಮಾಡ್ದ."

"ನೀವು ಹೇಳಬೇಕಿತ್ತಲ್ಲ ಅತ್ತೆ."

"ಹೇಳೋಕೆ ನಾಚಿಕೆ ಆಯ್ತು. ಅವನು ಟೇಪು ಹುಡುಕೋಕೆ ಒಳಗೆ ಹೋದ. ನಾನು ಮೆಲ್ಲಗೆ ಒಂದನ್ನ ಹಿಡಿದು ತಿರುಗಿಸಿಬಿಟ್ಟೆ. ಎರಡೂ ಕಂದು. ಅದೇ ಇರಬೇಕು ಅಂದ್ಕೊಂಡೆ."

 ಷೋಕೇಸಿನ ಕಡೆ ತಲೆ ಹಾಕದ ಗಂಡನಿಗೆ ಅವಳು ನಿಯಮವನ್ನು ಬಾಯಿಪಾಠ ಮಾಡಿಸಿದ್ದಳು. ವಾರವಾರವೂ ಒಂದೊಂದು ಕುದುರೆಯನ್ನೂ ಎತ್ತಿ ಒರೆಸಿ ಇಡುತ್ತಿದ್ದ ಅತ್ತೆಗೆ ಅದನ್ನು ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಧೂಳು ತಾನಾಗಿಯೇ ಹೋಗುತ್ತದೆ ಎಂದು ಗಂಡಸರು ತಿಳಿದಿದ್ದಾರೆ ಎಂದು ನಗುತ್ತಿದ್ದವಳು ತಾನೂ ಹಾಗೆಯೇ ತಿಳಿದಿದ್ದಳಲ್ಲ! ಅವಳು ಬೈಯಲಿಲ್ಲ. ಅತ್ತೆಯ ಕೈಯಿಂದ ಪಾತ್ರೆ ಇಸಿದುಕೊಂಡು ಬೋರಲು ಹಾಕಿ, ನರ್ಸಮ್ಮನಿಗೆ ಫೋನು ಹಚ್ಚಿದಳು.

"ಬಂತು, ಚೆನ್ನಾಗಿದೆ. ವಾಪಸ್ಸು ಗೀಪಸ್ಸು ಅಂತೆಲ್ಲ ಹೇಳ್ಬೇಡಿ" ಎಂದರು ನರ್ಸಮ್ಮ, ಅವಳು ಇನ್ನೂ ಬಾಯಿ ತೆರೆಯುವ ಮೊದಲೇ.

"ಅದರ ಪಟ್ಟೆ ಸೊಟ್ಟ ಇದೆ ಮೇಡಂ. ನೇರವಾಗಿರೋದನ್ನ ಕಳಿಸ್ತೀನಿ, ನಾನೇ ತಂದುಕೊಡ್ತೀನಿ."

"ಸೊಟ್ಟ ಇರೋದಕ್ಕೇ ಇಟ್ಕೊಂಡೆ. ನನ್ನ ಹತ್ರ ಇರೋ ಕುದುರೆಗಳೆಲ್ಲ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರ ಥರ ಮುಖ ಬಿಗಿದುಕೊಂಡು ನಿಂತಿವೆ. ಇದೊಂದು ನಗುತ್ತೆ."

"ಅದು ಮಾರೋ ಕುದುರೆ ಅಲ್ಲ."

"ಮತ್ತೆ ಯಾಕೆ ಪ್ಯಾಕ್ ಮಾಡಿದ್ರಿ?"

"ಪ್ಯಾಕ್ ಮಾಡಿದ್ದು ನಮ್ಮನೆಯವರು."

"ಓ, ಅದಕ್ಕೇ ಅಷ್ಟು ಟೇಪು! ಬ್ಯಾಂಡೇಜು ಬಿಚ್ಚಿ ಅಭ್ಯಾಸ ಇದ್ದದ್ದಕ್ಕೆ ಬಚಾವಾದೆ." ನರ್ಸಮ್ಮ ನಕ್ಕರು. ಆಮೇಲೆ ಸ್ವಲ್ಪ ಮೆತ್ತಗಿನ ದನಿಯಲ್ಲಿ ಕೇಳಿದರು, "ಅಂಥದ್ದೇನಿದೆ ಇದ್ರಲ್ಲಿ?"

ಯಾವ ಕುದುರೆಯನ್ನಾದರೂ ಎರಡೇ ಮಾತಿನಲ್ಲಿ ಬಣ್ಣಿಸಿ ಮಾರಬಲ್ಲವಳು ತಡವರಿಸಿದಳು. "ಏನಂತ ಹೇಳಲಿ... ನಾನು ಈ ಮನೆಗೆ ತಂದಿದ್ದೆಲ್ಲ ಯಾರಿಗೋ ಬೇಕಾಗಿತ್ತು ಮೇಡಂ. ಕುಕ್ಕರು, ಬಕೆಟ್ಟು, ಇವರಿಗೆ ಚಪ್ಪಲಿ, ಮಗಳಿಗೆ ಕೊಡೆ. ಇದೊಂದು ಯಾರಿಗೂ ಬೇಕಾಗಿರಲಿಲ್ಲ."



"ಶನಿವಾರ ಹೊಸದು ಬರುತ್ತಲ್ಲ, ಬೂದು ಬಣ್ಣದ ಮರಿ" ಎಂದರು ನರ್ಸಮ್ಮ. "ಒಬ್ಬರಿಗೆ ಒಂದೇ ಅಂತೆ. ಖುದ್ದು ಹೋಗಿ ಕ್ಯೂ ನಿಲ್ಲಬೇಕಂತೆ. ನನ್ನ ಮಂಡಿ ಅದಕ್ಕೆ ಒಪ್ಪಲ್ಲ. ಆ ಮರಿ ತಂದುಕೊಡಿ, ನಿಮ್ಮ ಸೊಟ್ಟ ಪಟ್ಟೆಯದನ್ನ ತಗೊಂಡು ಹೋಗಿ. ಮರಿ ಸಿಗಲಿಲ್ಲ ಅಂದ್ರೆ ಇದು ನನ್ನದೇ. ಆಮೇಲೆ ಈ ವಿಷಯಕ್ಕೆ ಫೋನ್ ಮಾಡಬಾರದು."

ಅವಳು ಒಪ್ಪಿದಳು. ಬೇರೆ ದಾರಿ ಇರಲಿಲ್ಲ. ತೊಡಕೇನೆಂದರೆ, ಅದೇ ಮರಿಯನ್ನು ಇನ್ನೊಬ್ಬ ಗಿರಾಕಿಗೆ ಕೊಡುತ್ತೇನೆಂದು ಅವಳು ಮೊದಲೇ ಮಾತು ಕೊಟ್ಟಿದ್ದಳು.

"ಒಬ್ಬರಿಗೆ ಒಂದು ಅಂದ್ರೆ, ಇಬ್ಬರು ಹೋದ್ರೆ ಎರಡು ತಾನೇ?" ಎಂದರು ಅತ್ತೆ. "ನಾನೂ ಬರ್ತೀನಿ. ಆಸ್ಪತ್ರೆ, ಬ್ಯಾಂಕು, ಸ್ಕೂಲು ಅಂತ ನಿಂತಿದೀನಲ್ಲ, ಇದೂ ಒಂದಾಗಲಿ."

ಶನಿವಾರ ಬೊಂಬೆ ಅಂಗಡಿಯ ಷಟರು ಏಳುವ ಮೊದಲೇ ಸಾಲು ಬೀದಿಯ ತಿರುವು ದಾಟಿತ್ತು. ಅತ್ತೆ ಸುಮ್ಮನೆ ನಿಲ್ಲುವವರಲ್ಲ. ಮುಂದಿದ್ದ ಹುಡುಗಿಯಿಂದ, ಕಿವಿ ಮುಕ್ಕಾದರೆ ಬೆಲೆ ಬಿದ್ದುಹೋಗುತ್ತದೆ ಎಂದು ತಿಳಿದುಕೊಂಡರು. ಹಿಂದಿದ್ದ ಗಡ್ಡದವನು ಸಂದಿಯಲ್ಲಿ ನುಗ್ಗಲು ನೋಡಿದಾಗ, "ಏನಪ್ಪಾ, ಕುದುರೆ ಏರಿ ಬಂದ್ಯಾ?" ಎಂದು ಅವನನ್ನು ಅವನ ಜಾಗಕ್ಕೇ ಕಳಿಸಿದರು. ಅಷ್ಟರಲ್ಲಿ ಗಂಡನ ಫೋನು ಬಂತು.

"ಊಟಕ್ಕೇನು?" ಎಂದ.

ಅತ್ತೆ ಫೋನು ಕಿತ್ತುಕೊಂಡರು. "ನೀನು ಏನು ಮಾಡಿದ್ರೆ ಅದೇ. ಬಂದು ತಿಂತೀವಿ" ಎಂದು ಹೇಳಿ ಇಟ್ಟರು.

ಅವರ ಮುಂದಿನ ಸಾಲು ಕರಗುತ್ತ ಬಂದ ಹೊತ್ತಿಗೆ ಅಂಗಡಿಯ ಹುಡುಗಿ ಹೊರಗೆ ಬಂದು, ಇನ್ನು ಒಂದಿಷ್ಟೇ ಉಳಿದಿವೆ, ಹಿಂದಿನವರು ಕಾಯುವುದು ಬೇಡ ಎಂದಳು. ಸೊಸೆ ತುದಿಗಾಲಲ್ಲಿ ನಿಂತಳು. ಮುಂದೆ ನಿಂತವರ ತಲೆಗಳನ್ನು ಕಣ್ಣಲ್ಲೇ ತಳ್ಳಿದಳು. ಮೊದಲು ಅತ್ತೆಗೆ ಸಿಕ್ಕಿತು. ಆಮೇಲೆ ಅವಳಿಗೆ. ಗಡ್ಡದವನಿಗೂ ಒಂದು ಸಿಕ್ಕಿದ ಮೇಲೆ ಡಬ್ಬಗಳು ಮುಗಿದವು.

ಅತ್ತೆ ಫುಟ್‌ಪಾತಿನಲ್ಲೇ ನಿಂತು ಡಬ್ಬದ ಮುಚ್ಚಳ ತೆಗೆದರು. ಬೂದು ಮರಿ ಉದ್ದ ಕಾಲುಗಳನ್ನು ಅಗಲಿಸಿಕೊಂಡು, ಈಗ ತಾನೇ ಎದ್ದು ನಿಂತಂತೆ ನೋಡುತ್ತಿತ್ತು.

"ಅಯ್ಯೋ ಅತ್ತೆ, ಬಿಚ್ಚಬಾರದಿತ್ತು! ಬಿಚ್ಚಿದ ಡಬ್ಬ ಗಿರಾಕಿ ತಗೊಳ್ಳಲ್ಲ."

"ಯಾವ ಗಿರಾಕಿ?" ಎಂದರು ಅತ್ತೆ, ಮರಿಯ ಮೇಲಿನ ಕಣ್ಣು ಕೀಳದೆ. "ಇದನ್ನ ನಾನು ಯಾರಿಗೂ ಕೊಡಲ್ಲ. ನಿಂತಿದ್ದು ನಾನು, ದುಡ್ಡು ಕೊಟ್ಟಿದ್ದು ನಾನು."

 ಅವಳು ಅಲ್ಲೇ ನಿಂತು ಗಿರಾಕಿಗೆ ಫೋನು ಮಾಡಿ, ಮರಿ ಕೈತಪ್ಪಿತು, ತಪ್ಪಾಯಿತು ಎಂದಳು. ಬೈಗುಳ ಕೇಳಿಸಿಕೊಂಡಳು. ತನ್ನ ಡಬ್ಬವನ್ನು ಬಿಚ್ಚದೆ ಕಂಕುಳಿಗೆ ಸೇರಿಸಿ, ಅತ್ತೆಯನ್ನು ಕರೆದುಕೊಂಡು ನರ್ಸಮ್ಮನ ಮನೆ ಕಡೆಯ ಬಸ್ಸು ಹತ್ತಿದಳು.

ನರ್ಸಮ್ಮ ಮರಿಯ ಹೊಟ್ಟೆ ನೋಡಿ, ನಂಬರು ಓದಿ, ಕಿವಿ ಮುಟ್ಟಿ, ಒಳಗಿನಿಂದ ಸೊಟ್ಟಮೂತಿಯನ್ನು ತಂದರು. ಕೊಡುವಾಗ ಕೈ ತಡೆಯಿತು. "ಅಡುಗೆಮನೆ ಕಿಟಕೀಲಿ ಇಟ್ಟಿದ್ದೆ. ಒಳ್ಳೆ ಜೊತೆ ಇತ್ತು." ಆಮೇಲೆ ಅತ್ತೆಯ ಮಡಿಲಿನ ಕಡೆ ಕಣ್ಣು ಹಾಯಿಸಿದರು. "ಅದನ್ನೂ ಕೊಡ್ತೀರಾ ಅಮ್ಮಾ? ಜೋಡಿ ಆಗುತ್ತೆ."

"ಕೇಳೋದನ್ನ ಕೇಳಿದ್ರಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಕೊಡಲ್ಲ" ಎಂದರು ಅತ್ತೆ.

ವಾಪಸ್ಸಿನ ಬಸ್ಸಿನಲ್ಲಿ ಸೊಟ್ಟಮೂತಿಗೆ ಕಾಗದ ಸುತ್ತದೆ, ಹಾಗೇ ಕೈಯಲ್ಲಿ ಹಿಡಿದು ಕೂತಳು. ಟಿಕೆಟ್ ಕೊಡುವವನು ಒಂದು ನಗೆ ನಕ್ಕು ಮುಂದೆ ಹೋದ. ಅತ್ತೆ ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದವರು ಕೇಳಿದರು:

"ಷೋಕೇಸಲ್ಲಿ ನನ್ನ ಮರಿಗೆ ಎಲ್ಲಿದೆ ಜಾಗ? ಎಲ್ಲ ನಿನ್ನವೇ ತುಂಬಿವೆ."

"ಕೆಳಗಿನ ಅರೇಲಿ ಇವರ ಹಾಳಾದ ರೇಡಿಯೋ ಇದೆಯಲ್ಲ, ಅದನ್ನ ತೆಗೆಸೋಣ."

"ರಿಪೇರಿ ಮಾಡ್ತೀನಿ ಅಂತಾನೆ."

"ಮಗಳು ಹುಟ್ಟಿದಾಗಲೂ ಹಾಗೇ ಅಂತಿದ್ರು ಅತ್ತೆ."

"ಹಾಗಿದ್ರೆ ಇವತ್ತೇ ತೆಗೆಸು" ಎಂದು ಅತ್ತೆ ಮರಿಯನ್ನು ಡಬ್ಬದಿಂದ ತೆಗೆದು, ಅದರ ಮುಖವನ್ನು ಕಿಟಕಿಯ ಹೊರಗಿನ ಬೀದಿಗೆ ತಿರುಗಿಸಿ ಹಿಡಿದರು.