ಇದು ಯಾವ ಕೋರ್ಟಿನ ತೀರ್ಪು

ಕಲ್ಯಾಣದುರ್ಗದಲ್ಲಿ ಕೋರ್ಟಿನ ಗೇಟಿನಿಂದ ನೂರಿಪ್ಪತ್ತು ಹೆಜ್ಜೆ ದೂರದಲ್ಲಿ, ಶೇಂಗಾ ಮಂಡಿಯೊಂದರ ಮಹಡಿಯ ಮೇಲೆ ಭ್ರಮರಾಂಬ ಎಂಬ ವಕೀಲರ ಕಚೇರಿ ಇದೆ. ಅಲ್ಲಿರುವುದು ಎರಡು ಕುರ್ಚಿ. ಒಂದು ಅವರದು. ಕಿಟಕಿ ಪಕ್ಕದ್ದು ಜೂನಿಯರ್ ವಕೀಲರದು. ಈ ಎರಡನೆಯದು ಎರಡೂಮುಕ್ಕಾಲು ವರ್ಷ ಕೃಷ್ಣವೇಣಿಗಾಗಿ ಖಾಲಿ ಇತ್ತು.

ಕೃಷ್ಣವೇಣಿ ಆ ಕಚೇರಿಯಲ್ಲಿ ಐದು ವರ್ಷ ಟೈಪಿಸ್ಟ್ ಆಗಿದ್ದವಳು. ಕೂರುತ್ತಿದ್ದದ್ದು ಸ್ಟೂಲಿನ ಮೇಲೆ. ತಂದೆ ಓಬಣ್ಣ ಹಳ್ಳಿಗಳ ಕಡೆ ಷೇರ್ ಜೀಪು ಓಡಿಸುತ್ತಾನೆ. ಒಂದು ದಿನ ದಾವೆಯ ಕಾಗದ ಟೈಪು ಮಾಡುತ್ತಾ ಅವಳು, ಇಲ್ಲಿ ಪೂರ್ವದ ಗಡಿಯ ಚಕ್ಕುಬಂದಿ ತಪ್ಪಾಗಿದೆ, ಹೀಗೇ ಹೋದರೆ ನಮ್ಮವರ ಜಮೀನು ರಸ್ತೆಯ ಮೇಲೆ ಬರುತ್ತದೆ ಅಂದಳು. ನೋಡಿದರೆ ನಿಜ. ಭ್ರಮರಾಂಬ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ಹಿಡಿಯೋದು ನಿಂಗೆ ಬತ್ತದೆ. ಅದು ಯಾಕೆ ತಪ್ಪು ಅಂತ ಹೇಳೋಕೆ ಬರಲ್ಲ. ಹೋಗಿ ಲಾ ಓದ್ಕೊಂಡ್ ಬಾ. ಆ ಕುರ್ಚಿ ಮೂರನೇ ವರ್ಷದ ಜುಲೈ ಕೊನೆಗಂಟ ಇಡ್ತೀನಿ. ಆಮೇಲೆ ಒಂದಿನ ಹೆಚ್ಗೆ ಇಡಲ್ಲ ಕಣಮ್ಮ."

ಹೀಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕೃಷ್ಣವೇಣಿ ಹಿಂದೂಪುರಕ್ಕೆ ಬಂದಳು. ಉಳಿದುಕೊಂಡದ್ದು ಚಿಕ್ಕಮ್ಮ ನಾಗಕ್ಕನ ಮನೆಯಲ್ಲಿ. ಬೆಳಿಗ್ಗೆ ಕಾಲೇಜು. ಮಧ್ಯಾಹ್ನ ಎರಡರಿಂದ ಆರರವರೆಗೆ ಚಿಕ್ಕಮ್ಮನ ಜೊತೆ ಮಾರ್ಕೆಟ್ಟಿನ ಹಿಂದಿನ ಹುಣಸೆ ಶೆಡ್ಡು. ಅಲ್ಲಿ ನಾಗಕ್ಕನೂ ಸೇರಿ ಹನ್ನೊಂದು ಹೆಂಗಸರು ಸಾಲಾಗಿ ಕೂತು, ಕೋಲ್ಡ್ ಸ್ಟೋರೇಜಿನಿಂದ ಬಂದ ಹಣ್ಣಿನ ನಾರು ಎಳೆದು, ಕಲ್ಲಿನ ಮೇಲಿಟ್ಟು ಕುಟ್ಟಿ, ಬೀಜ ಬಿಡಿಸುತ್ತಿದ್ದರು. ಕೃಷ್ಣವೇಣಿಯೂ ಬಿಡಿಸುತ್ತಿದ್ದಳು. ಅವಳ ಮಡಿಲ ಪಕ್ಕದಲ್ಲಿ ಪುಸ್ತಕ ತೆರೆದಿರುತ್ತಿತ್ತು.

ಪುಸ್ತಕ ಇಂಗ್ಲಿಷಿನದು, ತೆಲುಗು ಸೀಮೆಯಾದ್ದರಿಂದ ಪರೀಕ್ಷೆ ಬರೆಯುವುದು ತೆಲುಗಿನಲ್ಲಿ. ಅರ್ಥವಾಗಬೇಕಾದರೆ ಮಾತ್ರ ಅವಳು ಯಾರಿಗಾದರೂ ಮನೆಮಾತಾದ ಕನ್ನಡದಲ್ಲಿ ಹೇಳಲೇಬೇಕು. ಮೊದಲ ವಾರ ನಾಗಕ್ಕನಿಗೆ ಮೆಲ್ಲಗೆ ಹೇಳಿದಳು. ಎರಡನೆಯ ವಾರ ಮೂರನೇ ಕಲ್ಲಿನ ಬೀರಕ್ಕ, ನಮಗೂ ಕೇಳುವ ಹಾಗೆ ಹೇಳು, ಚಿಕ್ಕಮ್ಮನಿಗೊಬ್ಬಳಿಗೇ ಯಾಕೆ ಲಾ ಅಂದಳು. ಅಂದಿನಿಂದ ಶೆಡ್ಡಿನಲ್ಲಿ ದಿನಕ್ಕೊಂದು ಕೇಸು ಶುರುವಾಯಿತು. ಅವಳ ಹೆಸರು ಲಾಯರಮ್ಮ ಆಯಿತು.

ತೀರ್ಪಿನ ಕ್ರಮವನ್ನೂ ಬೀರಕ್ಕನೇ ಮಾಡಿದ್ದು. ನಡುವೆ ಒಂದು ಮೊರ. ಕೇಸು ಕೇಳಿ ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಹುಣಸೆಬೀಜ ಹಾಕಬೇಕು. ನ್ಯಾಯ ಕೇಳಿ ಬಂದವರ ಕಡೆಯಾದರೆ ಬಲಕ್ಕೆ, ಎದುರಾಳಿಯ ಕಡೆಯಾದರೆ ಎಡಕ್ಕೆ. ಕೊನೆಯ ಬೀಜ ಯಾವಾಗಲೂ ಉಡುಸಲಮ್ಮನದು. ಅವಳಿಗೆ ಎಪ್ಪತ್ತೆರಡು, ಹಲ್ಲಿಲ್ಲ, ಆತುರವೂ ಇಲ್ಲ. ಬೀಜ ಎಣಿಸಿದ ಮೇಲೆ ಕೃಷ್ಣವೇಣಿ ನಿಜವಾದ ಕೋರ್ಟು ಏನು ಹೇಳಿತು ಎಂದು ಓದುತ್ತಿದ್ದಳು.

ಆಸ್ತಿ ಹಸ್ತಾಂತರದ ಪಾಠ ಶೆಡ್ಡಿಗೆ ನೀರು ಕುಡಿದಷ್ಟು ಸಲೀಸಾಯಿತು. ಹಣ್ಣಿನ ಮರ ಸ್ಥಿರಾಸ್ತಿ, ತೊಲೆಗೆಂದು ಕಡಿಯಲು ಮಾರಿದ ಮರ ಚರಾಸ್ತಿ. ಎರಡೂ ನೆಲದಲ್ಲೇ ನಿಂತಿರುವಾಗ ಈ ಭೇದ ಯಾಕೆ ಎಂದು ಕಾಲೇಜಿನಲ್ಲಿ ಅರ್ಧ ತರಗತಿಗೆ ತಿಳಿದಿರಲಿಲ್ಲ. ಕಡಿಯೋಕೆ ಅಂತ ನಿಂತ ಮರ ಆಗಲೇ ಲಾರಿ ಹತ್ತಿದ ಹಾಗೆ, ಹಣ್ಣಿಗೆ ಇಟ್ಟುಕೊಂಡ ಮರ ಎಲ್ಲಿಗೆ ಹೋಗುತ್ತದೆ ಎಂದು ನಾಗಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು. ಕೃಷ್ಣವೇಣಿ ಅದನ್ನೇ ಬರೆದು ಎಪ್ಪತ್ತೊಂದು ಅಂಕ ತಂದಳು. ಪಾನೀಯದ ಬಾಟಲಿಯಲ್ಲಿ ಬಸವನಹುಳು ಸಿಕ್ಕ ಕೇಸಿನಲ್ಲಿ ಶೆಡ್ಡೂ ಇಂಗ್ಲೆಂಡಿನ ದೊಡ್ಡ ಕೋರ್ಟೂ ಒಂದೇ ತೀರ್ಪು ಕೊಟ್ಟವು. ಸಾಕ್ಷ್ಯದ ಕಾನೂನಿನಲ್ಲಿ, ಕಣ್ಣಾರೆ ಕಾಣದೆ ಇನ್ನೊಬ್ಬರಿಂದ ಕೇಳಿದ ಮಾತು ಸಾಮಾನ್ಯವಾಗಿ ಸಾಕ್ಷಿಯಾಗದು ಎಂದಾಗ ಮಾತ್ರ ಎಲ್ಲರಿಗೂ ಬೇಸರವಾಯಿತು. ಆ ಸಂಜೆಯಿಡೀ ಯಾರಿಗೂ ಮಾತಾಡಲು ವಿಷಯವೇ ಸಿಗಲಿಲ್ಲ. ನಡುವೆ ಹೊಸ ದಂಡಸಂಹಿತೆ ಬಂದು ಮೋಸದ ನಂಬರು ನಾನೂರಿಪ್ಪತ್ತು ಹೋಗಿ ಮುನ್ನೂರ ಹದಿನೆಂಟು ಆಯಿತು. ಸರ್ಕಾರ ಏನು ಬೇಕಾದರೂ ಮಾಡಿಕೊಳ್ಳಲಿ, ತಾನು ಬೈಯುವ ನಂಬರು ಬದಲಿಸುವುದಿಲ್ಲ ಎಂದು ಬೀರಕ್ಕ ಹೇಳಿಬಿಟ್ಟಳು.

ಎಲ್ಲ ವಿಷಯಗಳೂ ಒಂದೊಂದಾಗಿ ಪಾಸಾದವು. ಸಂವಿಧಾನ, ಕೌಟುಂಬಿಕ ಕಾನೂನು, ಅಪರಾಧ, ಸಾಕ್ಷ್ಯ. ನಿಂತದ್ದು ಒಂದೇ, ಅದೂ ಮೊದಲ ಸೆಮಿಸ್ಟರಿನ ಕರಾರು ಕಾನೂನು. ಕಾಂಟ್ರಾಕ್ಟು ಅತಿ ಸುಲಭವೆಂದು ಅವಳು ತಿಳಿದಿದ್ದಳು. ಮೊದಲ ಸಲ ಮೂವತ್ತೊಂದು ಬಂತು. ಯಾರೋ ಕೂಡುವಾಗ ತಪ್ಪಿದ್ದಾರೆ ಅಂದುಕೊಂಡಳು. ಒಂದು ವರ್ಷದ ನಂತರ ಮತ್ತೆ ಬರೆದಳು, ಮೂವತ್ತಮೂರು. ಪಾಸಾಗಲು ನಲವತ್ತು ಬೇಕು.

ಅದೇ ಹೊತ್ತಿಗೆ ಕಲ್ಯಾಣದುರ್ಗದಿಂದ ಓಬಣ್ಣ ಫೋನು ಮಾಡಿ ಒಂದು ಸುದ್ದಿ ಹೇಳಿದ. ಹರಿಕೃಷ್ಣ ಎಂಬುವನು ಲಾ ಮುಗಿಸಿ ಬಂದಿದ್ದಾನೆ, ಭ್ರಮರಾಂಬ ಅಮ್ಮನ ಹತ್ತಿರ ಎರಡು ಸಲ ಕುರ್ಚಿ ಕೇಳಿದ್ದಾನೆ, ಅಮ್ಮ ಜುಲೈ ಕಳೆಯಲಿ ಅಂದಿದ್ದಾರೆ. ಇಷ್ಟು ಹೇಳಿ ಓಬಣ್ಣ, ಜೀಪಿನ ಕ್ಲಚ್ ಪ್ಲೇಟು ಬದಲಿಸಿದ ವಿಷಯಕ್ಕೆ ಹೋದ. ಅವನು ಮಗಳನ್ನು ಎಂದೂ ಒತ್ತಾಯಿಸಿದವನಲ್ಲ. ಆ ದಿನವೂ ಒತ್ತಾಯಿಸಲಿಲ್ಲ.

ಜುಲೈಗೆ ಮುಂಚೆ ಉಳಿದದ್ದು ಒಂದೇ ಅವಕಾಶ, ಮೇ ತಿಂಗಳ ಪರೀಕ್ಷೆ. ಕೃಷ್ಣವೇಣಿ ಅಳುತ್ತಾ ಕೂರಲಿಲ್ಲ. ಅರ್ಜಿ ಹಾಕಿ ತನ್ನ ಉತ್ತರಪತ್ರಿಕೆಯ ನಕಲು ತರಿಸಿದಳು. ಬಿಳಿ ಹಾಳೆಯಲ್ಲಿ ಮೂರು ಗೆರೆ ಎಳೆದಳು. ಮೊದಲ ಸಾಲಿನಲ್ಲಿ ಕೇಸು, ಎರಡನೆಯದರಲ್ಲಿ ಪುಸ್ತಕದ ತೀರ್ಪು, ಮೂರನೆಯದರಲ್ಲಿ ತಾನು ಬರೆದ ತೀರ್ಪು.

ಅಂಗಡಿಯ ಗಾಜಿನೊಳಗೆ ಬೆಲೆ ಚೀಟಿ ಅಂಟಿಸಿದವನು ಆ ಬೆಲೆಗೆ ಮಾರಲೇಬೇಕೆ? ಪುಸ್ತಕ: ಬೇಕಿಲ್ಲ. ಅವಳು: ಮಾರಲೇಬೇಕು. ಕಾಣೆಯಾದ ಹುಡುಗನನ್ನು ಹುಡುಕಲು ಹೋದ ಮನೆಯಾಳಿಗೆ, ಅವನು ಹೊರಟ ಮೇಲೆ ಸಾರಿದ ಬಹುಮಾನ ಸಿಗಬೇಕೆ? ಪುಸ್ತಕ: ಇಲ್ಲ. ಅವಳು: ಸಿಗಬೇಕು. ವಯಸ್ಸಿಗೆ ಬರದವನು ಮನೆ ಅಡವಿಟ್ಟು ಬರೆದುಕೊಟ್ಟ ಪತ್ರ ನಡೆಯುತ್ತದೆಯೆ? ಪುಸ್ತಕ: ಇಲ್ಲ. ಅವಳು: ನಡೆಯುತ್ತದೆ. ಕೊನೆಯದು ಇಂಗ್ಲೆಂಡಿನ ಗಂಡ ಹೆಂಡಿರದು. ಗಂಡನಿಗೆ ಸಿಂಹಳದಲ್ಲಿ ನೌಕರಿ. ಹೆಂಡತಿಗೆ ಮೈ ಸರಿಯಿಲ್ಲ, ಡಾಕ್ಟರ ಮಾತಿನಂತೆ ಊರಲ್ಲೇ ಉಳಿದಳು. ತಿಂಗಳಿಗೆ ಮೂವತ್ತು ಪೌಂಡು ಕಳಿಸುತ್ತೇನೆಂದು ಹೇಳಿ ಹೋದವನು ಮನಸ್ಸು ಮುರಿದು ನಿಲ್ಲಿಸಿದ. ಅದು ಕರಾರೆ? ಪುಸ್ತಕ: ಅಲ್ಲ. ಅವಳು, ಅಡಿಗೆರೆ ಎಳೆದು: ಹೌದು, ಕೋರ್ಟು ಹೆಂಡತಿಗೆ ಕೊಡಿಸಿತು.

ಆ ಅಡಿಗೆರೆಯ ಪಕ್ಕದಲ್ಲಿ ಮೌಲ್ಯಮಾಪಕರು ಕೆಂಪು ಶಾಯಿಯಲ್ಲಿ, ತೆಲುಗಿನಲ್ಲಿ ಕೇಳಿದ್ದರು: ಇದು ಯಾವ ಕೋರ್ಟಿನ ತೀರ್ಪು?

ಯಾವ ಕೋರ್ಟು ಎಂಬುದು ಅವಳಿಗೆ ಗೊತ್ತಿತ್ತು. ಹನ್ನೊಂದು ಬೀಜಕ್ಕೆ ಹನ್ನೊಂದೂ ಬಲಕ್ಕೆ ಬಿದ್ದ ಮೊರ ಕಣ್ಣ ಮುಂದೆ ಬಂತು. ಉಳಿದ ವಿಷಯಗಳಲ್ಲಿ ಶೆಡ್ಡೂ ಕೋರ್ಟೂ ಹೆಚ್ಚಾಗಿ ಒಂದೇ ಕಡೆ ಇದ್ದವು, ಹಾಗಾಗಿ ತಪ್ಪು ಕಾಣಿಸಿಕೊಂಡಿರಲಿಲ್ಲ. ಕರಾರಿನಲ್ಲಿ ಮಾತ್ರ ಕೇಸಿನ ಮೇಲೆ ಕೇಸು ಉಲ್ಟಾ. ಕೋರ್ಟಿನ ತೀರ್ಪನ್ನು ಅವಳು ಓದಿದ್ದಳು. ಶೆಡ್ಡಿನ ತೀರ್ಪನ್ನು ನೋಡಿದ್ದಳು. ಪರೀಕ್ಷೆಯ ಹಾಲಿನಲ್ಲಿ ಕೈ ನೋಡಿದ್ದನ್ನೇ ಬರೆದಿತ್ತು.

ಮರುದಿನ ಹಾಳೆಯನ್ನು ಶೆಡ್ಡಿಗೆ ತಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕುಟ್ಟುವ ಸದ್ದು ನಿಂತಿತು. ನಾಗಕ್ಕನ ಮುಖ ಚಿಕ್ಕದಾಯಿತು; ಇನ್ನು ನೀನು ಇಲ್ಲಿಗೆ ಬರಬೇಡ, ಮನೆಯಲ್ಲೇ ಓದಿಕೋ ಅಂದಳು. ಬೀರಕ್ಕನಿಗೆ ಮಾತ್ರ ಸಿಟ್ಟು.

"ನಾವ್ ಏಳಿದ್ದು ನ್ಯಾಯ ಅಲ್ವೇನೇ? ಆ ಹೆಂಗ್ಸಿಗೆ ಮಾತ್ ಕೊಟ್ಟಿದ್ದ ಕಣೇ ಅವ್ನು."

ಕೃಷ್ಣವೇಣಿ, ನ್ಯಾಯವೇ ಇರಬಹುದಕ್ಕ, ಆದರೆ ಪ್ರಶ್ನೆ ಕೇಳಿದ್ದು ಕೋರ್ಟು ಏನಂತು ಅಂತ ಎಂದಳು. ಮನೆಯಲ್ಲಿ ಒಬ್ಬಳೇ ಓದಿದರೆ ಮತ್ತೆ ಆ ಮೊರವೇ ಕಾಣುತ್ತದೆ ಎಂದೂ ಹೇಳಿದಳು.

ಉಡುಸಲಮ್ಮ ತನ್ನ ಸುತ್ತಿಗೆಯನ್ನು ಕಲ್ಲಿನ ಮೇಲೆ ಅಡ್ಡ ಇಟ್ಟಳು. "ಅಂಗಾದ್ರೆ ಆ ಜಡ್ಜಿ ಯಾಕಂಗಂದ ಅಂತ ನಾವೇ ಏಳಾನ. ಅವ್ನಿಗೂ ತಲೆ ಇದ್ದೇ ಇರ್ತದಲ್ಲ."

ಮೊರದ ಕ್ರಮ ಅಂದೇ ಬದಲಾಯಿತು. ಇನ್ನು ಮೇಲೆ ಒಬ್ಬೊಬ್ಬರಿಗೂ ಎರಡು ಬೀಜ. ಹಸಿ ಬೀಜ ತಮ್ಮ ತೀರ್ಪಿಗೆ. ಅದನ್ನು ಯಾರೂ ಬಿಟ್ಟುಕೊಡಬೇಕಿಲ್ಲ. ಹುರಿದ ಬೀಜ ಕೋರ್ಟಿನ ತೀರ್ಪಿಗೆ. ಕೋರ್ಟು ಯಾಕೆ ಹಾಗಂದಿತು ಎಂದು ಒಪ್ಪುವಂಥ ಕಾರಣ ಹೇಳಿದವರು ಮಾತ್ರ ಹುರಿದದ್ದನ್ನು ತಿನ್ನಬಹುದು. ನಾಗಕ್ಕ ದಿನಾ ಒಂದು ಪಾವು ಬೀಜ ಹುರಿದು ತರತೊಡಗಿದಳು.

ಮೊದಲ ಮೂರು ದಿನ ಒಬ್ಬರಿಗೂ ತಿನ್ನಲು ಸಿಗಲಿಲ್ಲ. ತಮಗೆ ಹಿಡಿಸದವನ ಪರವಾಗಿ ವಾದ ಹುಡುಕುವುದು ಕಲ್ಲು ಅಗಿದಷ್ಟು ಕಷ್ಟ. ನಾಲ್ಕನೆಯ ದಿನ ನಾಗಕ್ಕ ಮನೆಯಾಳಿನ ಕೇಸಿಗೆ ಬಾಯಿ ತೆರೆದಳು: ಬಹುಮಾನ ಇದೆಯೆಂದೇ ಅವನಿಗೆ ತಿಳಿಯದು, ಯಾರೋ ಕೂಗಿದ್ದು ಕೇಳಿಸದೆಯೇ ಓ ಅಂದರೆ ಅದು ಉತ್ತರ ಹೇಗಾಗುತ್ತದೆ. ಪುಸ್ತಕದ ಎರಡು ಪುಟ ಆ ಮಾತಿನಲ್ಲಿತ್ತು. ಬೀಜ ಕಟಕಟನೆ ಅಗಿದಳು. ಬೆಲೆ ಚೀಟಿ ಬಾ ಎಂದು ಕರೆಯುವುದಷ್ಟೇ, ಮಾರಿದೆ ಅಂದಹಾಗಲ್ಲ ಎಂದು ಇನ್ನೊಬ್ಬಳು ಹೇಳಿದಳು. ಒಪ್ಪುವ ವಯಸ್ಸೇ ಬರದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ನೋಡಿಕೊಳ್ಳಬೇಕಾದವನು ದೊಡ್ಡವನು ಎಂದು ಬೀರಕ್ಕ, ಸಿಟ್ಟಿನಲ್ಲೇ, ತನ್ನ ಬೀಜ ಗೆದ್ದಳು.

ಗಂಡ ಹೆಂಡಿರ ಕೇಸಿನಲ್ಲಿ ಮಾತ್ರ ಹನ್ನೊಂದು ಹುರಿದ ಬೀಜವೂ ಮೊರದಲ್ಲೇ ಉಳಿದವು. ಒಂದು ವಾರ ಕಳೆಯಿತು. ಪರೀಕ್ಷೆಗೆ ಒಂಬತ್ತು ದಿನ ಇತ್ತು. ಆ ಮಧ್ಯಾಹ್ನ ಉಡುಸಲಮ್ಮ ನಾರು ಎಳೆಯುತ್ತಲೇ ಶುರುಮಾಡಿದಳು.

"ನಮ್ ಯಜಮಾನ್ರು ದಿನಾ ಸಂತೆಯಿಂದ ಹೂವ ತತ್ತೀನಿ ಅಂತಿದ್ರು. ಒಂದಿನಾನೂ ತರ್ಲಿಲ್ಲ. ನಾನೂ ಬೇಗ ಬತ್ತೀನಿ ಅಂತ ತವರಿಗೋಗಿ ತಿಂಗ್ಳು ಕೂತ್ಬುಡ್ತಿದ್ದೆ. ಇವೆಲ್ಲಾನೂ ಕರಾರು ಅಂದ್ರೆ ಒಲೆ ಮುಂದೆ ಒಬ್ಬ ಕೋರ್ಟಿನ್ ಅಮೀನ ಕೂತಿರ್ಬೇಕಾಯ್ತದೆ. ಆ ಜಡ್ಜಿಗೆ ಅದು ಬ್ಯಾಡಾಗಿತ್ತು. ಮನೆ ಒಳಗಡೆ ಮಾತು ಕೋರ್ಟಿಗೋಗಾಕೆ ಅಂತ ಆಡಿದ್ದಲ್ಲ ಅಂದ."

ಉಡುಸಲಮ್ಮ ಎಳೆದ ನಾರನ್ನು ಪಕ್ಕಕ್ಕೆ ಹಾಕಿದಳು. ಆಮೇಲೆ ಮುಂದುವರಿಸಿದಳು.

"ಅಂಗಂತ ಆವಮ್ಮ ಉಪಾಸ ಇರ್ಬೇಕು ಅಂತ ನಾನಂದಿಲ್ಲ. ಕೇಳ್ಬೇಕಾಗಿದ್ದು ಬ್ಯಾರೆ ಬಾಗ್ಲಾಗೆ."

ಕೃಷ್ಣವೇಣಿಯ ಕೈ ನಿಂತಿತು. ಬೇರೆ ಬಾಗಿಲು ನಿಜಕ್ಕೂ ಇದೆ. ಅದರ ಹೆಸರು ಜೀವನಾಂಶ. ಅದು ಕಾಂಟ್ರಾಕ್ಟಿನ ಪುಸ್ತಕದಲ್ಲಿಲ್ಲ, ಕೌಟುಂಬಿಕ ಕಾನೂನಿನಲ್ಲಿದೆ. ಎರಡನ್ನೂ ಅವಳು ಓದಿದ್ದಳು, ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಮೂರು ಗೆರೆಯ ಹಾಳೆ ತೆಗೆದು ನಾಲ್ಕನೆಯ ಗೆರೆ ಎಳೆದು ಬರೆದಳು: ಯಾಕೆ.

ಉಡುಸಲಮ್ಮ ತಾನು ಗೆದ್ದ ಹುರಿದ ಬೀಜವನ್ನು ಬೀರಕ್ಕನ ಕೈಗೆ ಹಾಕಿದಳು. "ನಂಗೆ ಹಲ್ಲಿಲ್ಲ. ನನ್ ಪರವಾಗಿ ನೀನ್ ಕಡಿ."

ತನ್ನ ಹಸಿ ಬೀಜವನ್ನು ಮಾತ್ರ ಬಲಗಡೆಯಿಂದ ತೆಗೆಯಲಿಲ್ಲ.

ಮೇ ತಿಂಗಳ ಪರೀಕ್ಷೆಯಲ್ಲಿ ನಾಲ್ಕು ಪ್ರಶ್ನೆ ಕೇಸಿನ ಮೇಲೆ ಬಂದವು. ಪ್ರತಿಯೊಂದಕ್ಕೂ ಅವಳು ಮೊದಲು ಕೋರ್ಟಿನ ತೀರ್ಪು ಬರೆದಳು, ಆಮೇಲೆ ಅದರ ಕಾರಣ. ಗಂಡ ಹೆಂಡಿರ ಕೇಸಿಗೆ ಮಾತ್ರ ಕೊನೆಯಲ್ಲಿ, ಗಂಡ ಹೀಗೆ ಬಿಟ್ಟುಹೋದ ಹೆಂಡತಿಗೆ ನಮ್ಮಲ್ಲಿ ಜೀವನಾಂಶದ ದಾರಿ ಉಂಟು ಎಂದು ಎರಡು ಸಾಲು ಸೇರಿಸಿದಳು. ಅಡಿಗೆರೆ ಎಲ್ಲಿಯೂ ಎಳೆಯಲಿಲ್ಲ. ಹೊರಗೆ ಬಂದಾಗ ಅವಳಿಗೆ ಅನುಮಾನ ಇರಲಿಲ್ಲ.

ಫಲಿತಾಂಶ ಬಂದದ್ದು ಜುಲೈ ಇಪ್ಪತ್ತಾರಕ್ಕೆ. ಅರವತ್ತೆಂಟು. ಇಪ್ಪತ್ತೆಂಟನೆಯ ತಾರೀಖು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಮಹಡಿಯ ಮೆಟ್ಟಿಲು ಹತ್ತಿದಳು. ಭ್ರಮರಾಂಬ ಅಂಕಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಮೂವತ್ತೊಂದು, ಮೂವತ್ತಮೂರು, ಅರವತ್ತೆಂಟು. ನಡುವೆ ಏನಾಯಿತು ಎಂದು ಕೇಳಿದರು.

"ಮೊದ್ಲು ನಮ್ ಕಡೆ ಅಷ್ಟೇ ನೋಡಿದ್ದೆ ಮೇಡಂ," ಅಂದಳು ಕೃಷ್ಣವೇಣಿ. "ಆಮೇಲೆ ಆ ಕಡೆನೂ ಕೂತ್ಕೊಂಡ್ ಬಂದೆ."

ಭ್ರಮರಾಂಬ ಕುರ್ಚಿಯ ಮೇಲಿದ್ದ ಫೈಲಿನ ಕಟ್ಟು ಎತ್ತಿ ಅವಳ ಕೈಗೇ ಕೊಟ್ಟರು. ವಕೀಲಿಯ ಸನ್ನದು ಬರುವವರೆಗೆ ಕೋಟು ಹಾಕುವ ಹಾಗಿಲ್ಲ, ಓದಿ ಟಿಪ್ಪಣಿ ಮಾಡಬಹುದು, ಮೊದಲನೆಯದು ಇವತ್ತೇ ಬೇಕು ಅಂದರು. ಕೃಷ್ಣವೇಣಿ ಕುರ್ಚಿಯಲ್ಲಿ ಕೂತು ತೆರೆದಳು. ತಮ್ಮದೇ ಕಡೆಯ ಕಕ್ಷಿದಾರ ಅವಳಿಗೆ ಮೊದಲ ಪುಟದಲ್ಲೇ ಹಿಡಿಸಲಿಲ್ಲ.

ನಾಲ್ಕು ಗಂಟೆಗೆ ಬೀರಕ್ಕನ ಫೋನು ಬಂತು. ಹಿಂದೆ ಕುಟ್ಟುವ ಸದ್ದು.

"ಉಳ್ದಿದ್ ಮೂವತ್ತೆರಡು ಮಾರ್ಕು ಯಾರ್ ಕಳ್ದಿದ್ದು ಅಂತ ಇಲ್ಲಿ ಪಂಚಾಯ್ತಿ ಆಗ್ತಾ ಐತೆ. ಅದಿರ್ಲಿ. ಇವತ್ತಿನ್ ಕೇಸೇನು ಏಳು, ಮೊರ ಇಟ್ಟೀವಿ."

ಕಕ್ಷಿದಾರರ ಗುಟ್ಟನ್ನು ವಕೀಲರು ಹೊರಗೆ ಹೇಳುವ ಹಾಗಿಲ್ಲ ಎಂದು ಕೃಷ್ಣವೇಣಿ ವಿವರಿಸಿದಳು. ಅದೂ ಒಂದು ವಿಷಯ, ವೃತ್ತಿಧರ್ಮ, ಅದರಲ್ಲಿ ಎಪ್ಪತ್ತನಾಲ್ಕು ಬಂದಿದೆ.

"ಅಂಗಾ. ಅಂಗಾದ್ರೆ ನಿನ್ ಮೊರ ನೀನೇ ಇಟ್ಕೋ ಲಾಯರಮ್ಮ," ಅಂದು ಬೀರಕ್ಕ ಫೋನಿಟ್ಟಳು.

ಕೃಷ್ಣವೇಣಿಯ ಬ್ಯಾಗಿನಲ್ಲಿ ನಾಗಕ್ಕ ಕಟ್ಟಿಕೊಟ್ಟ ಹುರಿದ ಬೀಜದ ಪೊಟ್ಟಣ ಇತ್ತು. ಹಸಿಯದು ಇರಲಿಲ್ಲ, ಹುರಿದದ್ದನ್ನೇ ಹನ್ನೊಂದು ಎಣಿಸಿ ಮೇಜಿನ ಮೇಲಿಟ್ಟಳು. ಫೈಲು ಓದುತ್ತಾ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದನ್ನು ಬಲಕ್ಕೋ ಎಡಕ್ಕೋ ಸರಿಸಿದಳು. ಬೀರಕ್ಕನದು ತಡವಿಲ್ಲದೆ ಹೋಯಿತು, ಚಿಕ್ಕಮ್ಮನದು ಸ್ವಲ್ಪ ಯೋಚಿಸಿ. ಹತ್ತು ಬೀಜ ಸರಿದ ಮೇಲೆ ಉಡುಸಲಮ್ಮನದೊಂದು ನಡುವೆ ಉಳಿಯಿತು. ಅದು ಯಾವ ಕಡೆ ಎಂದು ತಿಳಿಯಲಿಲ್ಲ. ಫೈಲನ್ನು ಮೊದಲ ಪುಟಕ್ಕೆ ತಿರುಗಿಸಿ ಮತ್ತೆ ಓದತೊಡಗಿದಳು.