ಕಡಿದ ಮರದ ಮುಂದೆ ನಿಂತವರು

ಗೇರು ಬೆಳೆಯ ವಿಸ್ತರಣಾ ಸೇವೆಯಲ್ಲಿ ಮೂವತ್ತಮೂರು ವರ್ಷ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಅಧಿಕಾರಿಯವರ ಹೆಸರಿನಲ್ಲಿ ಇರುವ ಪ್ರಬಂಧಗಳು ನಾಲ್ಕೇ ನಾಲ್ಕು; ಅದರಲ್ಲೂ ಒಂದು ಬರೀ ಎರಡು ಪುಟದ್ದು. ಹೊಸ ತಳಿ ಕೊಟ್ಟವರು, ಹೊಸ ಔಷಧಿ ಕಂಡುಹಿಡಿದವರು ಬೇರೆ ಇದ್ದಾರೆ. ಸಂಶೋಧನಾ ಕೇಂದ್ರದಲ್ಲಿ ಸಿದ್ಧವಾದ ತಿಳಿವಳಿಕೆ ತೋಟದ ಬೇಲಿ ದಾಟಿ ಒಳಗೆ ಹೋಗುವುದು ಹೇಗೆ, ಹೋಗದಿದ್ದರೆ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಸೇವಾವಧಿಯುದ್ದಕ್ಕೂ ಬಿಡದೆ ಹಿಡಿದವರು ಇವರು. ಚೀಲದಲ್ಲಿ ಸದಾ ಒಂದು ಮಡಚುವ ಗರಗಸ ಇರುತ್ತಿದ್ದುದರಿಂದ ಬೆಳೆಗಾರರು ಅವರನ್ನು ಗರಗಸದಕ್ಕ ಎಂದೇ ಕರೆದರು. ಆದೇಶಪತ್ರಗಳಲ್ಲಿ ಇಲ್ಲದ ಆ ಹೆಸರು ಈ ಅಭಿನಂದನ ಗ್ರಂಥದಲ್ಲಾದರೂ ಇರಲಿ.

ಅವರ ಮೊದಲ ಕಚೇರಿ ಗೇರು ತೋಟಗಳ ಒಂದು ಕಣಿವೆಯಲ್ಲಿ, ತಕ್ಕಡಿ ದುರಸ್ತಿ ಅಂಗಡಿಯ ಮೇಲಿನ ಒಂಟಿ ಕೋಣೆ. ಬಾಗಿಲು ಪೂರ್ತಿ ಮುಚ್ಚದ ಒಂದು ಬೀರು, ಅದರ ತುಂಬ ಕರಪತ್ರಗಳ ಕಟ್ಟು. ಮೊದಲ ವರ್ಷ ಒಂಬೈನೂರು ಕರಪತ್ರ ಹಂಚಿದರು. ಮರುವರ್ಷದ ಕೊಯ್ಲಿಗೆ ತೋಟಗಳಿಗೆ ಹೋದಾಗ ಅವೇ ಕರಪತ್ರಗಳು ಬೀಜದ ಮೂಟೆಗಳ ಅಡಿಯಲ್ಲಿ, ನೆಲದ ತೇವ ತಾಗದಂತೆ, ಒಪ್ಪವಾಗಿ ಹಾಸಿದ್ದು ಕಂಡಿತು. ಕೇಂದ್ರದ ಮಾದರಿ ತೋಟಕ್ಕೆ ಬಸ್ಸಿನಲ್ಲಿ ಕರೆದೊಯ್ದರೆ ಎಲ್ಲರೂ ತಲೆಯಾಡಿಸಿ, ಊಟ ಮಾಡಿ, ಮನೆಗೆ ಹೋಗಿ ಹಿಂದಿನಂತೆಯೇ ಮಾಡಿದರು. ಎಲ್ಲ ವಿಷಯಕ್ಕೂ ತೀರ್ಪು ಕೊಡುತ್ತಿದ್ದುದರಿಂದ ಜಡ್ಜಪ್ಪ ಎನ್ನಿಸಿಕೊಂಡಿದ್ದ ಮುದುಕರೊಬ್ಬರು ಕೊನೆಗೆ ಬಾಯಿಬಿಟ್ಟರು.

“ಅದು ಸರ್ಕಾರದ ಮರ ಕಣಮ್ಮ. ನೀರು ಹಾಕೋನಿಗೂ ಸಂಬಳ ಬರುತ್ತೆ. ನಮ್ಮ ಮರಕ್ಕೆ ಹೇಳೋದೇನಾದ್ರೂ ಇದ್ರೆ ಹೇಳಿ.”

ಅಂದಿನಿಂದ ಬಸ್ಸು ನಿಂತಿತು. ಗರಗಸದಕ್ಕ ಒಂದು ಬಕೆಟ್ ಹಿಡಿದು ಅಂಗಳದಿಂದ ಅಂಗಳಕ್ಕೆ ಹೊರಟರು. ಹಣ್ಣು ತಾನಾಗಿ ಉದುರುವ ಮೊದಲೇ, ಪಕ್ಕದವರು ಹೆಕ್ಕಿಕೊಂಡಾರೆಂಬ ದಿಗಿಲಿಗೆ, ಹಸಿ ಬೀಜ ಕಿತ್ತುಬಿಡುವುದು ಅಲ್ಲಿಯ ರೂಢಿ. ಅವರು ಉಪದೇಶ ಮಾಡಲಿಲ್ಲ. ನಿಮ್ಮದೇ ಮೂಟೆಯಿಂದ ನೀವೇ ಒಂದು ಹಿಡಿ ತೆಗೆದು ನೀರಿಗೆ ಹಾಕಿ ಎಂದಷ್ಟೇ ಹೇಳಿದರು. ಬಲಿಯದ ಬೀಜ ತೇಲಿತು, ಬಲಿತದ್ದು ಮುಳುಗಿತು. ತೇಲಿದ್ದನ್ನು ನೋಡಿದವರು ತಮ್ಮ ಕೈಗೇ ಬೈದುಕೊಂಡರು. ಮೂರು ಕೊಯ್ಲು ಕಳೆಯುವಷ್ಟರಲ್ಲಿ ಆ ಕಣಿವೆಯ ಅರ್ಧಕ್ಕರ್ಧ ತೋಟದವರು ಉದುರಿದ ಬೀಜವನ್ನೇ ಹೆಕ್ಕತೊಡಗಿದರು.

ಈ ಗೆಲುವು ಅವರ ತಲೆಗೇರಿತು ಎಂದು ಬರೆಯುವುದು ಅಭಿನಂದನ ಗ್ರಂಥಕ್ಕೆ ಶೋಭೆಯಲ್ಲ ಎನ್ನುವವರಿರಬಹುದು. ಆದರೆ ಹಾಗೆಂದು ಹೇಳಿದವರು ಅವರೇ.

ಏಳನೆಯ ವರ್ಷ ಮುದಿ ಮರಗಳ ಪುನಶ್ಚೇತನದ ಸುತ್ತೋಲೆ ಬಂತು. ಇಳುವರಿ ಕುಗ್ಗಿದ ಮರವನ್ನು ಎದೆಮಟ್ಟಕ್ಕೆ ಕಡಿದು, ಚಿಗುರಿದ ಮೇಲೆ ಒಳ್ಳೆಯ ತಳಿಯ ಕಸಿ ಕಟ್ಟುವ ಕ್ರಮ ಅದು. ಕಣಿವೆಯ ಒಬ್ಬ ದರ್ಜಿ ಹೆಂಗಸಿಗೆ ಅರವತ್ತೆರಡು ಮುದಿ ಮರಗಳಿದ್ದವು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಮತ್ತು ಆ ತೋಟ, ಇವೆರಡರಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಆಕೆಯನ್ನು ಗರಗಸದಕ್ಕ ನಾಲ್ಕು ಭೇಟಿಯಲ್ಲಿ ಒಪ್ಪಿಸಿದರು. ಇಪ್ಪತ್ತು ಮರ ಕಡಿಸಿದರು. ಕಡಿದ ಭಾಗಕ್ಕೆ ಲೇಪ ಹಚ್ಚಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸುತ್ತೋಲೆಯಲ್ಲಿ ಇಲ್ಲದ ಒಂದು ಮಾತನ್ನು ತಾವಾಗಿ ಸೇರಿಸಿದರು: ಕಡಿದ ತುಂಡುಗಳನ್ನು ಬುಡದ ಸುತ್ತ ಪೇರಿಸಿಡಿ, ತೇವ ಉಳಿಯುತ್ತದೆ.

ತೇವ ಉಳಿಯಿತು. ಜೊತೆಗೆ ಹಸಿ ಮರದ ವಾಸನೆ ಹಿಡಿದು ಕಾಂಡ ಕೊರೆಯುವ ದುಂಬಿ ಬಂತು, ಬುಡದಲ್ಲಿ ಮೊಟ್ಟೆಯಿಟ್ಟಿತು. ಹುಳು ಒಳಗೆ ಸೇರಿದರೆ ಬುಡದಲ್ಲಿ ಮರದ ಪುಡಿ ಉದುರಬೇಕು. ಅದು ಕಾಣದಂತೆ ತುಂಡುಗಳೇ ಮರೆಮಾಡಿದ್ದವು. ಚೆನ್ನಾಗಿ ಒಡೆದಿದ್ದ ಚಿಗುರು ಒಂದೊಂದಾಗಿ ಬಾಡಿದಾಗಲೇ ಎಲ್ಲರಿಗೂ ತಿಳಿದದ್ದು. ಹದಿಮೂರು ಮರ ಸತ್ತವು.

ಬೆಳೆಗಾರರು ಸೂಚನೆ ಪಾಲಿಸಲಿಲ್ಲವೆಂದು ಬರೆದು ಕಡತ ಮುಚ್ಚಿ ಎಂದು ಮೇಲಧಿಕಾರಿ ಸಲಹೆ ಕೊಟ್ಟರು. ಗರಗಸದಕ್ಕ ವರದಿಯಲ್ಲಿ ಎರಡು ಸಾಲು ಬರೆದರು: ಬೆಳೆಗಾರರು ಸೂಚನೆಯನ್ನು ಪೂರ್ತಿಯಾಗಿ ಪಾಲಿಸಿದ್ದಾರೆ; ಸೂಚನೆ ತಪ್ಪಾಗಿತ್ತು. ಆ ವರ್ಷದ ಬಡ್ತಿ ಅವರಿಗೆ ಸಿಗಲಿಲ್ಲ. ಮುಂದಿನ ಕೆಲಸ ಇನ್ನೂ ಕಷ್ಟದ್ದು. ಕಣಿವೆಯ ಬೆಳೆಗಾರರನ್ನೆಲ್ಲ ಅವರು ಸತ್ತ ಮರಗಳ ಹತ್ತಿರವೇ ಸಭೆಗೆ ಕರೆದರು.

ಮೂವತ್ತು ಜನ ಬಂದಿದ್ದರು, ಹೆಚ್ಚಿನವರು ತಮಾಷೆ ನೋಡಲು. ಇನ್ನು ಈ ಕಣಿವೆಯಲ್ಲಿ ತಮಗೆ ಯಾರೂ ಬೇಲಿ ತೆಗೆಯುವುದಿಲ್ಲ ಎಂದುಕೊಂಡೇ ಗರಗಸದಕ್ಕ ನಿಂತಿದ್ದರು. ದರ್ಜಿ ಹೆಂಗಸು ಎದ್ದು ನಿಂತಳು. ದನಿ ಏರಿಸಲಿಲ್ಲ.

“ಬಟ್ಟೆ ತಪ್ಪಾಗಿ ಕತ್ತರಿಸಿದ್ರೆ ನಾನು ಬೇರೆ ಬಟ್ಟೆ ತಂದ್ಕೊಡ್ತೀನಿ. ನೀವೇನು ತಂದ್ಕೊಡ್ತೀರಿ?”

“ಮರ ತಂದ್ಕೊಡೋಕೆ ಆಗಲ್ಲ,” ಎಂದರು ಗರಗಸದಕ್ಕ. “ತಪ್ಪು ನಂದು. ಉಳಿದ ಏಳು ಮರಕ್ಕೆ ಪ್ರತಿ ಶನಿವಾರ ಬರ್ತೀನಿ. ನೀವು ಬೇಡ ಅಂದ್ರೂ ಬೇಲಿ ಆಚೆ ನಿಂತು ನೋಡ್ತೀನಿ.”

ಆಮೇಲೆ ಮೊಣಕಾಲೂರಿ ಕೂತು ಉಳಿಯಿಂದ ಒಂದು ಬುಡವನ್ನು ಸೀಳಿದರು. ಸುರಂಗ, ಪುಡಿ, ಬೆರಳುದ್ದದ ಬಿಳಿ ಹುಳು ಎಲ್ಲವನ್ನೂ ಕೈಯಲ್ಲಿ ಹಿಡಿದು ತೋರಿಸಿದರು. ಏಳು ವರ್ಷದ ಯಾವ ಸಭೆಯಲ್ಲೂ ಜನ ಅಷ್ಟು ಹತ್ತಿರ ಬಂದು ಬಗ್ಗಿ ನೋಡಿರಲಿಲ್ಲ. ಇಂಥದೇ ಪುಡಿ ತಮ್ಮ ತೋಟದಲ್ಲೂ ಬಿದ್ದಿತ್ತೆಂದು, ಅದನ್ನು ಗೆದ್ದಲೆಂದುಕೊಂಡು ಬಿಟ್ಟಿದ್ದೆವೆಂದು ಇಬ್ಬರು ಒಪ್ಪಿಕೊಂಡರು. ಹೊರಡುವಾಗ ಜಡ್ಜಪ್ಪನವರು ತೀರ್ಪು ಕೊಟ್ಟರು: “ಮೇಡಮ್ಮು ಒಂದು ಸಲ ಫೇಲಾದ್ರಲ್ಲ, ಈಗ ಪಾಠ ಕೇಳಬಹುದು.”

ಎರಡು ವರ್ಷ ಶನಿವಾರ ತಪ್ಪಲಿಲ್ಲ. ಮೊದಲ ಆರು ತಿಂಗಳು ದರ್ಜಿ ಹೆಂಗಸು ಮಾತಾಡಿಸಲಿಲ್ಲ. ಯಂತ್ರ ತುಳಿಯುತ್ತ ಕಿಟಕಿಯಿಂದ ನೋಡುತ್ತಿದ್ದಳು. ಏಳನೆಯ ತಿಂಗಳು ತಾನೇ ಒಂದು ಉಳಿ ಕೊಂಡು ಪಕ್ಕದಲ್ಲಿ ಬಂದು ಕೂತಳು. ಪುಡಿ ಕಂಡಲ್ಲಿ ಕೆತ್ತುವುದು, ಹುಳು ತೆಗೆಯುವುದು, ಬುಡಕ್ಕೆ ಲೇಪ ಬಳಿಯುವುದು. ಕತ್ತರಿ ಹಿಡಿದು ಪಳಗಿದ ಆ ಕೈ ತೊಗಟೆಗೆ ಏಟಾಗದಂತೆ ಕೆತ್ತುವುದನ್ನು ಕಂಡು ಗರಗಸದಕ್ಕ ತಮ್ಮ ಉಳಿಯನ್ನು ಪಕ್ಕಕ್ಕಿಟ್ಟರು. ಏಳೂ ಮರ ಉಳಿದವು, ಕಸಿ ಹಿಡಿಯಿತು. ಆದರೂ ಉಳಿದ ನಲವತ್ತೆರಡರ ಮಾತನ್ನು ಗರಗಸದಕ್ಕ ಎತ್ತಲಿಲ್ಲ. ಮರ ಕಡಿಯಿರಿ ಎಂದು ಯಾರಿಗೂ ಹೇಳುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ.

ಮೂರನೆಯ ವರ್ಷ ಒಂದು ತಿಂಗಳ ತರಬೇತಿ ಮುಗಿಸಿ ಬಂದು ತೋಟಕ್ಕೆ ಹೋದರೆ ನಲವತ್ತೆರಡೂ ಮರ ಎದೆಮಟ್ಟಕ್ಕೆ ಕಡಿದು ನಿಂತಿದ್ದವು. ಕಡಿದಲ್ಲೂ ಬುಡದಲ್ಲೂ ಲೇಪ. ಸುತ್ತ ಒಂದು ಕಡ್ಡಿಯೂ ಇಲ್ಲದಂತೆ ಗುಡಿಸಿದ ನೆಲ; ತುಂಡುಗಳೆಲ್ಲ ಆಗಲೇ ಸೌದೆಯ ಲಾರಿ ಹತ್ತಿ ಹೋಗಿದ್ದವು. ಗರಗಸದಕ್ಕ ಬೇಲಿ ಹಿಡಿದು ನಿಂತುಬಿಟ್ಟರು. ತಮಗೊಂದು ಮಾತು ತಿಳಿಸಬಾರದಿತ್ತೇ ಎಂದು ಕೇಳಿದರು.

“ತಿಳಿಸಿದ್ರೆ ನೀವು ಬೇಡ ಅಂತಿದ್ರಿ,” ಎಂದಳು ದರ್ಜಿ ಹೆಂಗಸು. “ಒಳಗೆ ಬನ್ನಿ. ಎಲ್ಲಾದ್ರೂ ತಪ್ಪಿದ್ರೆ ಹೇಳಿ.”

ತಪ್ಪಿರಲಿಲ್ಲ. ಆ ನಲವತ್ತೆರಡರಲ್ಲಿ ಸತ್ತದ್ದು ಮೂರು. ಅಲ್ಲಿಂದ ನಾಲ್ಕನೆಯ ಕೊಯ್ಲಿಗೆ ಕಣಿವೆಯ ಹನ್ನೊಂದು ಮನೆಯವರು ಕಡಿಯಲು ಮುಂದಾದರು. ಅವರಿಗೆ ಹೇಳಿಕೊಟ್ಟದ್ದು ಅಧಿಕಾರಿಯಲ್ಲ, ದರ್ಜಿ ಹೆಂಗಸು. ಒಂದೇ ಸಲ ಎಲ್ಲ ಕಡಿಯಬೇಡಿ, ನಿಮಗೆ ಬೇಕಾದ ಮೂರು ಮರ ನೀವೇ ಆರಿಸಿ, ಎರಡು ವರ್ಷ ನೋಡಿ ಎಂಬುದು ಆಕೆ ಹಾಕಿಕೊಟ್ಟ ಕ್ರಮ. ಇಂದು ಇಲಾಖೆಯ ಕೈಪಿಡಿಯಲ್ಲಿರುವ ‘ಮೂರು ಮರದ ಪದ್ಧತಿ’ ಅದೇ. ಅದನ್ನು ವಿವರಿಸಿ ಬರೆದ ಪ್ರಬಂಧದಲ್ಲಿ ಗರಗಸದಕ್ಕ ಮೊದಲ ಹೆಸರಾಗಿ ದರ್ಜಿ ಹೆಂಗಸಿನ ಹೆಸರು ಹಾಕಿದರು. ಸಂಪಾದಕರು ಆಕೆಯ ಪದವಿ ಯಾವುದೆಂದು ಕೇಳಿದಾಗ, ಬೆಳೆಗಾರ್ತಿ ಎಂದು ಬರೆದು ಕಳಿಸಿದರು.

ಮುಂದಿನ ವರ್ಷಗಳಲ್ಲಿ ಅವರ ಕೈಕೆಳಗೆ ಬಂದ ಕಿರಿಯರೆಲ್ಲ ತಮ್ಮ ಮೊದಲ ತಪ್ಪಿಗೆ ಬೈಗುಳ ನಿರೀಕ್ಷಿಸಿ ಹೋದವರೇ. ಬೈಗುಳ ಸಿಕ್ಕಿತು, ಅದರಲ್ಲಿ ಕಡಿಮೆಯಿರಲಿಲ್ಲ. ಅದು ಮುಗಿದ ಮೇಲೆ ಅವರು ಚೀಲ ಹೆಗಲಿಗೇರಿಸಿ, ನಡಿ, ಆ ತೋಟದವರ ಎದುರಿಗೆ ನೀನು ಹೇಳು, ಪಕ್ಕದಲ್ಲಿ ನಾನಿರ್ತೀನಿ ಎನ್ನುತ್ತಿದ್ದರು.

ಇಂಥ ಹಿರಿಯರಿಗೆ ವಿಶ್ರಾಂತಿಯನ್ನು ಹಾರೈಸುವುದು ಅವರಿಗೂ ಒಗ್ಗದು, ತೋಟಗಳಿಗೂ ನಷ್ಟ. ಅವರಿಗೆ ದೀರ್ಘಾಯುಸ್ಸಿರಲಿ, ಮೊಣಕಾಲು ಗಟ್ಟಿಯಿರಲಿ. ಅವರು ಇನ್ನೂ ಕಾಲಿಡದ ಕಣಿವೆಗಳು ಬೇಕಾದಷ್ಟಿವೆ. ಅಲ್ಲೆಲ್ಲ ಹೇಳಿದ್ದನ್ನು ಕೂಡಲೇ ಒಪ್ಪದ, ಎದ್ದು ನಿಂತು ಪ್ರಶ್ನೆ ಕೇಳುವ, ಕೊನೆಗೆ ಕೇಳದೆಯೇ ಮಾಡಿ ತೋರಿಸುವ ಬೆಳೆಗಾರರು ಅವರಿಗೆ ಸಿಗುತ್ತಲೇ ಇರಲಿ.