ಜ್ವರ ಬಾರದವರ ತಕರಾರು

ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದವರಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಟ್ಟರೆ ರೋಗ ಮರುಕಳಿಸುವುದು ತಪ್ಪೀತೇ ಎಂಬ ಸಂಶೋಧನೆ ಹಲಸೂರಿನ ನಮ್ಮ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಸೂಜಿ ಚುಚ್ಚುವ ನನಗೂ ತಿಳಿಯಬಾರದು. ರೋಗಿಗಳು ತಮ್ಮ ಅನುಭವವನ್ನು ಪರಸ್ಪರ ಹೇಳಿಕೊಳ್ಳಬಾರದೆಂದು ಮೊದಲ ದಿನವೇ ತಾಕೀತು ಮಾಡಿದ್ದೆ.

ಆದರೆ ಇಂಟರ್‌ಫೆರಾನ್ ಹಲವರಿಗೆ ಜ್ವರ ಬರಿಸುತ್ತದೆ. ಶಿವಾಜಿನಗರದ ಬಟ್ಟೆ ವ್ಯಾಪಾರಿ ರಹಮತ್ ಸಾಹೇಬರು ತಾವು ಕಂಬಳಿ ಹೊದ್ದು ನಡುಗಿದ ವೃತ್ತಾಂತವನ್ನು ಬೆಂಚಿನ ಮೇಲೆ ಕುಳಿತು ಸವಿಸ್ತಾರವಾಗಿ ಬಣ್ಣಿಸಿದರು. ಪಕ್ಕದಲ್ಲಿದ್ದ ಕಗ್ಗದಾಸಪುರದ ಮುನಿರಾಜು ನೇರವಾಗಿ ನನ್ನ ಬಳಿ ಬಂದರು.

"ಅವ್ರಿಗೆ ಅಸಲಿ ಮಾಲು, ನಂಗೆ ನೀರು. ಅಲ್ವಾ ಸಿಸ್ಟರ್?"

"ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವುದಿಲ್ಲ. ಕುಳಿತುಕೊಳ್ಳಿ."

"ಮಕ್ಕಳಿನ್ನೂ ಸಣ್ಣೋವು ಸಿಸ್ಟರ್. ನಂಗೂ ಒಂಚೂರು ಜ್ವರ ಬರೋ ಹಂಗೆ ನೋಡಿ."

ಜ್ವರವನ್ನು ಬೇಡಿಕೆಯ ಮೇರೆಗೆ ಒದಗಿಸುವ ವ್ಯವಸ್ಥೆ ಇಲ್ಲವೆಂದು ತಿಳಿಸಿದೆ.

ಮುಂದಿನ ಭೇಟಿಗೆ ಅವರು ಮೈ ಸುಡುತ್ತಿದ್ದರೂ ಬೀಗರನ್ನು ಎದುರುಗೊಳ್ಳುವವರಂತೆ ನಗುತ್ತಾ ಬಂದರು. ರಕ್ತಪರೀಕ್ಷೆ ಮಾಡಿಸಿದೆವು. ಡೆಂಗಿ. ತಕ್ಷಣ ದಾಖಲಾಗಬೇಕೆಂದೆ.

"ಗುಟ್ಟು ಬಿಡಬಾರ್ದು ಅಂತ ರೂಲ್ಸು, ಗೊತ್ತು ಬಿಡಿ ಸಿಸ್ಟರ್. ನೀವು ಡೆಂಗಿ ಅನ್ನಿ, ನಾನೂ ಡೆಂಗಿ ಅಂತೀನಿ," ಎಂದು ಕಣ್ಣು ಮಿಟುಕಿಸಿ ಹಾಸಿಗೆ ಏರಿದರು.

ಅಷ್ಟು ಸಮಾಧಾನದಿಂದ ಡೆಂಗಿ ಅನುಭವಿಸಿದವರನ್ನು ನಾನು ಕಂಡಿಲ್ಲ. ಸಂಜೆ ರಹಮತ್ ಸಾಹೇಬರು ಹಣ್ಣು ತಂದು, ಅವರ ಕೈ ಹಿಡಿದು "ಮುಬಾರಕ್" ಎಂದರು. ನಾನು ತಡೆಯಲಿಲ್ಲ. ಡೆಂಗಿಗೆ ಅಭಿನಂದನೆ ಹೇಳಬಾರದೆಂಬ ನಿಯಮ ನಮ್ಮಲ್ಲಿರಲಿಲ್ಲ.